ಸಿದ್ದರಾಮಯ್ಯನವರ ‘ಜೇಬಿಗೆ ದುಡ್ಡು’ ಸೂತ್ರ: ಕೆಲಸ, ಆಸ್ಪತ್ರೆ, ಬೊಕ್ಕಸ ಮೂರಕ್ಕೂ ಹೊಂದುತ್ತಾ?

ಎಲೆಅಡಿಕೆ
ಆರ್ಥಿಕತೆಯ ವಿಚಾರಕ್ಕೆ ಬಂದರೆ ಸಿದ್ದರಾಮಯ್ಯನವರ ಎಲ್ಲಾ ಭಾಷಣದ ತಿರುಳು ಒಂದೇ. ಬಡವರ ಜೇಬಿಗೆ ದುಡ್ಡು ಬಿದ್ದರೆ ಕೊಳ್ಳುವ ಶಕ್ತಿ ಹೆಚ್ಚುತ್ತೆ, ಅಂಗಡಿ ನಡೆಯುತ್ತೆ, ಕೆಲಸ ಹುಟ್ಟುತ್ತೆ, ತೆರಿಗೆಯಾಗಿ ಬೊಕ್ಕಸಕ್ಕೂ ಮರಳುತ್ತೆ. ಬಸವಣ್ಣನವರ ಕಾಯಕ, ದಾಸೋಹವನ್ನೂ ಉತ್ಪಾದನೆ, ಹಂಚಿಕೆ ಅಂತ ಬಿಡಿಸಿ ಇದಕ್ಕೇ ತಂದು ಜೋಡಿಸುತ್ತಾರೆ. 2025ರ ಹೊತ್ತಿಗೇ 16 ಬಜೆಟ್ ಮಂಡಿಸಿದವರು, ರಾಮಕೃಷ್ಣ ಹೆಗಡೆಯವರ 13ರ ದಾಖಲೆ ಮುರಿದವರು. ಬಾಯಿಗೆ ಬಂದದ್ದು ಹೇಳುವ ಆಸಾಮಿಯಂತೂ ಅಲ್ಲ.

ಕೇಳಬೇಕಾದ್ದು ಇಷ್ಟೇ: ಈ ಸೂತ್ರ ಉದ್ಯೋಗ, ಆರೋಗ್ಯ, ರಾಜ್ಯದ ಹಣಕಾಸು ಮೂರಕ್ಕೂ ಒಂದೇ ಸಮ ಹೊಂದುತ್ತಾ? ‘ಬಿಟ್ಟಿ ಭಾಗ್ಯ’ ಅಂತ ಬೈಯುವವರು, ‘ಅಪ್ಪಟ ಸಮಾಜವಾದಿ’ ಅಂತ ಹೊಗಳುವವರು ಇಬ್ಬರೂ ಅಂಕಿ ಹಿಡಿದುಕೊಂಡು ಬನ್ನಿ.

ಲೆಕ್ಕಪತ್ರ
2025-26ರ ಬಜೆಟ್ ಗಾತ್ರ 4,09,549 ಕೋಟಿ. ಐದು ಗ್ಯಾರಂಟಿಗೆ 51,034 ಕೋಟಿ. ಅಂದರೆ ನೂರಕ್ಕೆ ಹನ್ನೆರಡೂವರೆ. ‘ಎಲ್ಲಾ ಗ್ಯಾರಂಟಿಗೇ ಹೋಯ್ತು’ ಅನ್ನೋದು ಸುಳ್ಳು.

ಆದರೆ ಅದೇ ಬಜೆಟ್‌ನಲ್ಲಿ ಆರೋಗ್ಯಕ್ಕೆ 17,473 ಕೋಟಿ. ನೂರಕ್ಕೆ ನಾಲ್ಕು ಚಿಲ್ಲರೆ. ಮನೆ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ. ರಾಜ್ಯಗಳು ತಮ್ಮ ಬಜೆಟ್‌ನಲ್ಲಿ ಶೇ 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಇಡಬೇಕು, ಅದೂ 2020ರೊಳಗೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದಿತ್ತು. ಅದರ ಅರ್ಧದ ಆಸುಪಾಸಿನಲ್ಲಿ ಇದ್ದೇವೆ. ಜೇಬಿಗೆ ಹಾಕಿದ ಎರಡು ಸಾವಿರ ಆಸ್ಪತ್ರೆ ಬಾಗಿಲಲ್ಲೇ ಖಾಲಿಯಾದರೆ ಕೊಳ್ಳುವ ಶಕ್ತಿ ಎಲ್ಲಿ ಉಳೀತು?

ಚುರುಮುರಿ
ಅಬಕಾರಿಯಿಂದ ಅದೇ ವರ್ಷದ ಗುರಿ 40,000 ಕೋಟಿ. ಒಂದು ಕೈಲಿ ಕೊಡು, ಇನ್ನೊಂದು ಕೈಲಿ ಬಾಟ್ಲಿ ಕೊಟ್ಟು ಇಸ್ಕೊ.

ಕರಾವಳಿಗಾಳಿ
ಚುರುಮುರಿ ಮಾರಾಯ್ರೆ, ಗೃಹಲಕ್ಷ್ಮಿ ದುಡ್ಡು ಹೋಗುವುದು ಮನೆ ಯಜಮಾನಿ ಖಾತೆಗೆ. ಬಾರಿಗೆ ಹೋಗುವವನ ಖಾತೆಗಲ್ಲ. ಯೋಜನೆಯಲ್ಲಿ ಬುದ್ಧಿ ಇರುವುದೇ ಅಲ್ಲಿ.

ತಕ್ಕಡಿ
‘ತೆರಿಗೆಯಾಗಿ ಮರಳುತ್ತೆ’ ಅನ್ನೋ ಭಾಗ ತೂಗಿ ನೋಡೋಣ. ಜಿಎಸ್‌ಟಿ ಬೀಳೋದು ವಸ್ತು ತಯಾರಾದ ಕಡೆ ಅಲ್ಲ, ಬಳಕೆಯಾದ ಕಡೆ. ಸೋಪು ಎಲ್ಲೇ ತಯಾರಾಗಲಿ, ರಾಯಚೂರಲ್ಲಿ ಮಾರಾಟವಾದರೆ ರಾಜ್ಯದ ಪಾಲು ಕರ್ನಾಟಕಕ್ಕೆ. ಇಲ್ಲಿಯವರೆಗೆ ಮುಖ್ಯಮಂತ್ರಿಗಳ ಮಾತು ಸರಿ.

ಈಗ ಗೃಹಲಕ್ಷ್ಮಿಯ ಎರಡು ಸಾವಿರ ಬಿಡಿಸಿ. ಹಾಲು, ತರಕಾರಿ, ಚಿಲ್ಲರೆ ಅಕ್ಕಿ ಕೊಂಡರೆ ತೆರಿಗೆ ಸೊನ್ನೆ. ಪೂರ್ತಿ ದುಡ್ಡು ಶೇ 5ರ ಸಾಮಾನಿಗೆ ಹೋದರೆ ಅದರಲ್ಲಿ ಅಡಗಿದ ತೆರಿಗೆ 95 ರೂಪಾಯಿ, ರಾಜ್ಯಕ್ಕೆ ಅರ್ಧ, 48ಕ್ಕೂ ಸ್ವಲ್ಪ ಕಡಿಮೆ. ಶೇ 18ರದ್ದಕ್ಕೆ ಹೋದರೆ 305, ರಾಜ್ಯಕ್ಕೆ 152. ಕೇಂದ್ರಕ್ಕೆ ಹೋದ ಅರ್ಧದಿಂದಲೂ ಏನೋ ವಾಪಸ್ ಬರುತ್ತೆ ಅಂತೀರಾ? ಹಂಚಿಕೆ ಮಾಡೋ ನೂರು ರೂಪಾಯಿಯಲ್ಲಿ ರಾಜ್ಯಗಳಿಗೆಲ್ಲ ಸೇರಿ 41, ಆ 41ರಲ್ಲಿ 2025-26ರವರೆಗೆ ನಮ್ಮದು ಶೇ 3.647. ನೂರಕ್ಕೆ ಒಂದೂವರೆ ರೂಪಾಯಿ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಹಲ್ಲುಜ್ಜೋ ಪೇಸ್ಟು 18ರಿಂದ 5ಕ್ಕೆ ಇಳಿದಿವೆ. ಕೊಳ್ಳೋರಿಗೆ ಒಳ್ಳೇದಾಯ್ತು, ಮರಳೋ ದುಡ್ಡು ಇನ್ನೂ ತೆಳುವಾಯ್ತು.

ಆ ದುಡ್ಡು ಕೈಯಿಂದ ಕೈಗೆ ಎರಡು ಮೂರು ಸುತ್ತು ಹೊಡೆದರೆ ಇನ್ನಷ್ಟು ಸೇರುತ್ತೆ, ಒಪ್ತೀನಿ. ಆದರೂ ಖರ್ಚನ್ನ ತಾನೇ ತೂಗಿಸಿಕೊಳ್ಳೋ ಯೋಜನೆ ಇದಲ್ಲ. ‘ಕಲ್ಯಾಣಕ್ಕೆ ಖರ್ಚು ಮಾಡ್ತೀವಿ’ ಅಂತ ನೇರ ಹೇಳಿದರೆ ಸಾಕಿತ್ತು.

ಎಲೆಅಡಿಕೆ
ತಕ್ಕಡಿ ಸರ್, ಹಾಗಾದರೆ ತೆರಿಗೆ ನಮಗೆ, ಕೆಲಸ ಕಾರ್ಖಾನೆ ಇರೋ ಊರಿಗೆ?

ತಕ್ಕಡಿ
ಸೋಪಿಗೆ ಹಾಗೇ. ಹಾಲು, ಟೈಲರಿಂಗು, ಆಟೋ, ಟ್ಯೂಷನ್ನು ಇವಕ್ಕೆ ಕೆಲಸ ಊರಲ್ಲೇ.

ಜೋಳದರೊಟ್ಟಿ
ಕೆಲಸದ ಮಾತು ಬಂತಲ್ರಿ, ಯುವನಿಧಿ ಯಾಕ ಯಾರೂ ಎತ್ತವಲ್ರಿ? ಡಿಗ್ರಿಗೆ 3,000, ಡಿಪ್ಲೊಮಾಕ್ಕ 1,500, ಭಾಳಂದ್ರ ಎರಡು ವರ್ಷ. 2024ರ ಜನವರಿ 12ಕ್ಕ ಶಿವಮೊಗ್ಗದಾಗ ಚಾಲೂ ಮಾಡಿದ್ರು. ಗ್ಯಾರಂಟಿ ಐದರಾಗ ಇದಕ್ಕ ಹತ್ತಿದ ರೊಕ್ಕ ಎಲ್ಲಕ್ಕಿಂತ ಕಡಿಮಿ.

ಬೆಂಚುಗಲ್ಲು
ಕಡಿಮೆ ಆಗಲು ಕಾರಣ ಷರತ್ತುಗಳಲ್ಲೇ ಇದೆ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು. ಮುಂದೆ ಓದುತ್ತಿದ್ದರೆ ಇಲ್ಲ, ಅಪ್ರೆಂಟಿಸ್ ಸ್ಟೈಪೆಂಡ್ ಬರುತ್ತಿದ್ದರೆ ಇಲ್ಲ, ಸಾಲ ತೆಗೆದು ಸ್ವಂತ ಉದ್ಯೋಗ ಮಾಡುತ್ತಿದ್ದರೂ ಇಲ್ಲ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ಕೆಲಸ ಸಿಕ್ಕಿಲ್ಲ ಅಂತ ಅವಧಿಗೊಮ್ಮೆ ಸ್ವಯಂ ಘೋಷಣೆ ಕೊಡುತ್ತಲೇ ಇರಬೇಕು, ಕೊಡದಿದ್ದರೆ ದುಡ್ಡು ನಿಲ್ಲುತ್ತೆ. ಜನ ಎಡವುವುದು ಇಲ್ಲೇ. ಅರ್ಜಿ ಹಾಕಿ ಮರೆಯುತ್ತಾರೆ, ಆಮೇಲೆ ‘ಸರ್ಕಾರ ನಿಲ್ಲಿಸಿತು’ ಅನ್ನುತ್ತಾರೆ. ಇನ್ನೊಂದು ತೊಡಕು, ಅಂಕಪಟ್ಟಿ ಡಿಜಿಲಾಕರ್‌ಗೆ ವಿಶ್ವವಿದ್ಯಾಲಯ ಏರಿಸಿರದಿದ್ದರೆ ಪರಿಶೀಲನೆಯಲ್ಲೇ ಅರ್ಜಿ ಕೂತುಬಿಡುತ್ತೆ. ಆಗ ಓಡಾಡಬೇಕಾದ್ದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ, ಸೇವಾ ಸಿಂಧು ಕೌಂಟರಿಗಲ್ಲ.

ಅಂದಹಾಗೆ ಇದನ್ನು ಉದ್ಯೋಗ ಯೋಜನೆ ಅನ್ನಬೇಡಿ. ನಿರುದ್ಯೋಗ ಭತ್ಯೆ ಅಷ್ಟೇ.

ಕರಾವಳಿಗಾಳಿ
ನಿಜವಾದ ಉದ್ಯೋಗ ಯೋಜನೆ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ. ಬಸ್ಸಿಗೆ ದಿನಕ್ಕೆ ಅರವತ್ತು ಹೋಗುವುದಾದರೆ ಹತ್ತು ಸಾವಿರದ ಕೆಲಸವನ್ನು ದೂರದ ಊರಲ್ಲಿ ಯಾರು ಹಿಡಿಯುತ್ತಾರೆ? 26 ದಿನಕ್ಕೆ 1,560 ಟಿಕೆಟಿಗೇ ಹೋಯಿತಲ್ಲ. ಟಿಕೆಟ್ ಸೊನ್ನೆಯಾದ ಕೂಡಲೇ ಹುಡುಕಬಹುದಾದ ಕೆಲಸದ ವ್ಯಾಪ್ತಿಯೇ ದೊಡ್ಡದಾಗುತ್ತದೆ.

ಗೇರುಬಾಕ್ಸ್
ಬಸ್ ಇದ್ದರೆ ತಾನೇ ಮೇಡಂ. ಕಂಡಕ್ಟರ್ ಹರಿಯೋ ಶೂನ್ಯ ಟಿಕೆಟ್ಟಿನ ಮೌಲ್ಯ ಸೇರಿಸಿ ಸಾರಿಗೆ ನಿಗಮಗಳು ಸರ್ಕಾರಕ್ಕೆ ಬಿಲ್ ಕಳಿಸ್ತವೆ. ಬಜೆಟ್‌ನಲ್ಲಿ ಇಡೋದು ಮೊದಲೇ ಅಂದಾಜಿಸಿದ ಮೊತ್ತ, 2025-26ಕ್ಕೆ 5,300 ಕೋಟಿ. ಬಿಲ್ ಅದನ್ನ ದಾಟಿದರೆ ಉಳಿದದ್ದು ಬಾಕಿ ಪುಸ್ತಕಕ್ಕೆ. ಬಾಕಿ ಬೆಳೆದಂತೆ ನಿಗಮ ಮೊದಲು ಮುಂದೂಡೋದು ಪಿಎಫ್ ಕಂತು, ಡೀಸೆಲ್ ಬಿಲ್ಲು, ಹೊಸ ಬಸ್ಸು. 2025ರ ಜನವರಿ 5ಕ್ಕೆ ದರ ಶೇ 15 ಏರಿತಲ್ಲ, ಆಗ ಶೂನ್ಯ ಟಿಕೆಟ್ ಮೌಲ್ಯವೂ ಅಷ್ಟೇ ಏರಿತು. ಸರ್ಕಾರ ತಾನೇ ತನ್ನ ಬಿಲ್ ದೊಡ್ಡದು ಮಾಡಿಕೊಂಡಿತು.

ಚುರುಮುರಿ
ಗಂಡಸರು ನಿಂತುಕೊಂಡು, ಶೇ 15 ಜಾಸ್ತಿ ಕೊಟ್ಟುಕೊಂಡು 🙂

ಮಲೆನಾಡಮಳೆ
ಉದ್ಯೋಗ ಅಂದ ಮೇಲೆ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರ ಮೀಸಲಾತಿ ಮಸೂದೆ ಬಿಡೋಕಾಗುತ್ತಾ? ವ್ಯವಸ್ಥಾಪಕರ ಹುದ್ದೆಗೆ ಶೇ 50, ಉಳಿದದ್ದಕ್ಕೆ 70 ಅಂತ 2024ರ ಜುಲೈ 15ಕ್ಕೆ ಸಂಪುಟ ಒಪ್ಪಿತು, 17ಕ್ಕೆ ತಡೆಹಿಡಿದರು. ಎರಡೇ ದಿನ. ಉದ್ಯಮದವರು ಹುಬ್ಬು ಗಂಟಿಕ್ಕಿದ್ದೇ ತಡ, ಕನ್ನಡಿಗರ ಕೆಲಸ ಶೈತ್ಯಾಗಾರಕ್ಕೆ.

ಬೆಂಚುಗಲ್ಲು
ಉದ್ಯಮದವರ ಹುಬ್ಬಿಗಿಂತ ದೊಡ್ಡ ತೊಡಕು ಕೋರ್ಟು. ಹರಿಯಾಣದ ಶೇ 75ರ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತ್ತು. ಅದು ತಿಂಗಳಿಗೆ 30 ಸಾವಿರದೊಳಗಿನ ಕೆಲಸಕ್ಕೆ ಮಾತ್ರ ಇತ್ತು, ಆದರೂ ನಿಲ್ಲಲಿಲ್ಲ. ನಮ್ಮದು ವ್ಯವಸ್ಥಾಪಕರ ಹುದ್ದೆಗೂ ಕೈ ಹಾಕಿತ್ತು.

ಮಸೂದೆಯನ್ನು ಓದಿದವರು ಕಡಿಮೆ. ಸ್ಥಳೀಯ ಅಂದರೆ ಇಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ವಾಸವಿರಬೇಕು, ಕನ್ನಡ ಓದಿ ಬರೆದು ಮಾತಾಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಇರದಿದ್ದರೆ ಪರೀಕ್ಷೆ ಪಾಸಾಗಬೇಕು. ಜನ ಸಿಗದಿದ್ದರೆ ವಿನಾಯಿತಿ ಕೇಳಬಹುದು, ಆಗಲೂ 25 ಮತ್ತು 50ಕ್ಕಿಂತ ಕೆಳಗಿಳಿಯುವಂತಿಲ್ಲ. ಉಲ್ಲಂಘಿಸಿದರೆ ದಂಡ 10 ಸಾವಿರದಿಂದ 25 ಸಾವಿರ. ದೊಡ್ಡ ಕಂಪನಿಗೆ ಅದು ಒಂದು ದಿನದ ಕಾಫಿ ಖರ್ಚು. ಮೀಸಲಾತಿ ಅಂಕಿ ಭಾರಿ, ಹಲ್ಲು ಮಾತ್ರ ಹಾಲುಹಲ್ಲು.

ಮಲೆನಾಡಮಳೆ
ಹಲ್ಲಿಲ್ಲ ಅಂದರೆ ಹಲ್ಲು ಹಾಕಿಸಬೇಕಿತ್ತು. ಬಾಯಿ ಮುಚ್ಚಿಸಿದ್ದು ಯಾಕೆ? ಕನ್ನಡಿಗರಿಗೆ ಕೆಲಸ ಮೀಸಲಿಡಿ ಅಂದ ಸರೋಜಿನಿ ಮಹಿಷಿ ವರದಿ ಬಂದು ಎಷ್ಟು ದಶಕ ಆಯ್ತು ಬೆಂಚುಗಲ್ಲು ಅವರೇ, ನೀವೇ ಲೆಕ್ಕ ಹಾಕಿ.

ಲೆಕ್ಕಪತ್ರ
ಖಾಸಗಿ ಕೆಲಸದ ಬಗ್ಗೆ ಇಷ್ಟು ಜಗಳ. ಸರ್ಕಾರದ ಕೈಯಲ್ಲೇ ಇರುವ ಕೆಲಸದ ಕಡೆ ಬನ್ನಿ. ರಾಜ್ಯದಲ್ಲಿ ಖಾಲಿ ಇರುವ ಮಂಜೂರಾದ ಹುದ್ದೆ ಎರಡೂವರೆ ಲಕ್ಷಕ್ಕೂ ಹೆಚ್ಚು.

7ನೇ ವೇತನ ಆಯೋಗ 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯಿತು. ಒಂದು ಹುದ್ದೆ ಖಾಲಿ ಬಿಟ್ಟರೆ ಬರೀ ಕನಿಷ್ಠ ಮೂಲ ವೇತನದ ಲೆಕ್ಕದಲ್ಲೇ ವರ್ಷಕ್ಕೆ 3,24,000 ಉಳಿತಾಯ. ಎರಡೂವರೆ ಲಕ್ಷ ಹುದ್ದೆಗೆ 8,100 ಕೋಟಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಪಿಂಚಣಿ ಕೊಡುಗೆ ಇದರಲ್ಲಿ ಸೇರಿಲ್ಲ, ಎಲ್ಲ ಹುದ್ದೆಯೂ ಕನಿಷ್ಠ ಶ್ರೇಣಿಯದ್ದಲ್ಲ. ನಿಜವಾದ ಮೊತ್ತ ಇದಕ್ಕಿಂತ ಬಹಳ ಮೇಲೆ.

2025-26ಕ್ಕೆ ಅಂದಾಜಿಸಿದ ರಾಜಸ್ವ ಕೊರತೆ, ಅಂದರೆ ದೈನಂದಿನ ಖರ್ಚಿಗೆ ಆದಾಯ ಸಾಲದ ಭಾಗ, 19,262 ಕೋಟಿ. ಹುದ್ದೆಗಳನ್ನೆಲ್ಲ ತುಂಬಿದ್ದರೆ ಈ ಅಂಕಿ ಯಾವ ಮುಖ ತೋರಿಸುತ್ತಿತ್ತು ಹೇಳಿ. ದಾದಿಯ ಖಾಲಿ ಕುರ್ಚಿ ಒಬ್ಬರಿಗೆ ಸಿಗದ ಕೆಲಸ, ರೋಗಿಗೆ ಸಿಗದ ಆರೈಕೆ. ಆರ್ಥಿಕ ಇಲಾಖೆಗೆ ಮಾತ್ರ ಅದು ಉಳಿತಾಯ.

ಫೈಲುನಂಬರ್
ಲೆಕ್ಕಪತ್ರ ಅವರ ಗುಣಾಕಾರ ಸರಿ, ಗುಣಿಸಿದ ಸಂಖ್ಯೆ ಹಿಗ್ಗಿದೆ. ಬೆರಳಚ್ಚುಗಾರ, ದಲಾಯತ್, ಇಂಥ ಹಳೇ ಹುದ್ದೆಗಳೂ ಮಂಜೂರಾತಿ ಪಟ್ಟಿಯಲ್ಲಿ ಕೂತಿವೆ. ಅವನ್ನ ಯಾರೂ ತುಂಬಲ್ಲ, ತುಂಬಬೇಕಾಗೂ ಇಲ್ಲ.

ಮತ್ತೆ ‘ದುಡ್ಡು ಉಳಿಸೋಕೆ ಖಾಲಿ ಬಿಟ್ಟಿದ್ದಾರೆ’ ಅನ್ನೋದು ಅರ್ಧ ಸತ್ಯ. ಕಡತದ ದಾರಿ ನೋಡಿ. ಇಲಾಖೆ ಪ್ರಸ್ತಾವ, ಆರ್ಥಿಕ ಇಲಾಖೆಯ ಸಹಮತಿ, ವೃಂದ ಮತ್ತು ನೇಮಕಾತಿ ನಿಯಮ ಹೊಂದಿಸೋದು, ರೋಸ್ಟರ್ ಬಿಂದು, ಅಂದರೆ ಯಾವ ಹುದ್ದೆ ಯಾವ ಮೀಸಲಾತಿಗೆ ಅಂತ ಗುರುತಿಸೋದು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ್ದು ಬೇರೆ, ಉಳಿಕೆ ಮೂಲ ವೃಂದದ್ದು ಬೇರೆ, ಎರಡು ರೋಸ್ಟರ್. ಆಮೇಲೆ ಕೆಪಿಎಸ್‌ಸಿ ಅಥವಾ ಕೆಇಎ, ಈ ನೇಮಕಾತಿ ಪರೀಕ್ಷೆ ನಡೆಸೋ ಸಂಸ್ಥೆಗಳಿಗೆ ಬೇಡಿಕೆ, ಅಧಿಸೂಚನೆ, ಪರೀಕ್ಷೆ, ಕೀ ಉತ್ತರಕ್ಕೆ ಆಕ್ಷೇಪ, ಆಡಳಿತ ನ್ಯಾಯಮಂಡಳಿ ಕೆಎಟಿಗೆ ಅರ್ಜಿ, ತಡೆಯಾಜ್ಞೆ. ಒಂದು ಬಿಂದು ತಪ್ಪಿದರೂ ಪಟ್ಟಿ ಪೂರ್ತಿ ಮತ್ತೆ ಮೊದಲಿಂದ.

2024ರ ಅಕ್ಟೋಬರ್ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ಅಧಿಸೂಚನೆ ಬೇಡ ಅಂತ ನಿಲ್ಲಿಸಿದರು. ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟದ್ದು 2025ರ ಆಗಸ್ಟ್ 4ಕ್ಕೆ, ಸಂಪುಟ 6, 6, 5 ಅಂತ ಪರಿಶಿಷ್ಟ ಜಾತಿಗಳ ಶೇ 17ನ್ನ ಮೂರು ಗುಂಪಿಗೆ ಹಂಚಿದ್ದು ಆಗಸ್ಟ್ 19ಕ್ಕೆ. ಹತ್ತು ತಿಂಗಳು ಹೋಯ್ತು. ಇದು ಸಾಮಾಜಿಕ ನ್ಯಾಯದ ಖರ್ಚು, ಜಿಪುಣತನ ಅಲ್ಲ.

ಲೆಕ್ಕಪತ್ರ
ಆ ಹತ್ತು ತಿಂಗಳು ಒಪ್ಪಿದೆ. ಅದಕ್ಕೂ ಹಿಂದಿನ ವರ್ಷಗಳು? ಮೊದಲ ಮೆಟ್ಟಿಲೇ ಆರ್ಥಿಕ ಇಲಾಖೆಯ ಸಹಮತಿ ಅಂತ ನೀವೇ ಬರೆದಿರಿ. ಆ ಇಲಾಖೆ ಯಾರ ಕೈಯಲ್ಲಿದೆ? ಮುಖ್ಯಮಂತ್ರಿಗಳ ಕೈಯಲ್ಲೇ.

ಚುರುಮುರಿ
ಪ್ರಶ್ನೆಪತ್ರಿಕೆ ಅನುವಾದ ಬಿಟ್ರಿ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆ ಕನ್ನಡ ಕೆಟ್ಟಿತ್ತು ಅಂತ ಡಿಸೆಂಬರ್ 29ಕ್ಕೆ ಮರುಪರೀಕ್ಷೆ, ಅದರಲ್ಲೂ ಕನ್ನಡ ಕೆಟ್ಟಿತ್ತು. ಕನ್ನಡ ಪರೀಕ್ಷೆ ಮೊದಲು ಯಾರಿಗೆ ಇಡಬೇಕು?

ಜೋಳದರೊಟ್ಟಿ
ಈಗ ದವಾಖಾನಿ ಕಡೆ ಬರ್ರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮಂದಿಗೆ ಕುಟುಂಬಕ್ಕ ವರ್ಷಕ್ಕ ಐದು ಲಕ್ಷ. ಕೇಳಾಕ ಚಂದ ಐತಿ. ಆದ್ರ ಖಾಸಗಿ ದವಾಖಾನಿಗೆ ಹೋಗ್ಬೇಕಂದ್ರ ಮೊದಲ ಸರ್ಕಾರಿ ದವಾಖಾನ್ಯಾಗ ರೆಫರಲ್ ಚೀಟಿ ಇಸ್ಕೋಬೇಕು. ಬರಿಯೋ ಡಾಕ್ಟ್ರ ಹುದ್ದಿನ ಖಾಲಿ ಇದ್ರ ಚೀಟಿ ಯಾರ್ ಬರಿತಾರ್ರಿ?

ಸ್ಟೆತಸ್ಕೋಪು
ತುರ್ತು ಸ್ಥಿತಿಗೆ ರೆಫರಲ್ ಬೇಕಿಲ್ಲ, ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಯಾದರೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ ಆರೋಗ್ಯಮಿತ್ರ ಕೌಂಟರ್‌ನಲ್ಲಿ ಆಧಾರ್, ಪಡಿತರ ಚೀಟಿ ತೋರಿಸಿ ಮೊದಲೇ ಯೋಜನೆಯಡಿ ದಾಖಲಿಸಿಕೊಳ್ಳಿ ಅನ್ನಬೇಕು. ನಗದು ರೋಗಿ ಅಂತ ದಾಖಲಾಗಿ, ಮುಂಗಡ ಕಟ್ಟಿ, ಮೂರು ದಿನ ಆದ ಮೇಲೆ ಕಾರ್ಡ್ ತೆಗೆದರೆ ಹೆಚ್ಚಿನ ಸಲ ಕೆಲಸಕ್ಕೆ ಬರಲ್ಲ, ಯಾಕೆಂದರೆ ಪೂರ್ವಾನುಮತಿ ಹೋಗಿರುವುದಿಲ್ಲ.

ಎಪಿಎಲ್‌ನವರಿಗೂ ಒಂದು ಮಾತು. ‘ಶೇ 30 ಸರ್ಕಾರ ಕೊಡುತ್ತೆ’ ಅನ್ನುವುದು ಆಸ್ಪತ್ರೆ ಬಿಲ್ಲಿನ ಶೇ 30 ಅಲ್ಲ, ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30. ಪ್ಯಾಕೇಜ್ ಒಂದು ಲಕ್ಷ, ಬಿಲ್ ಎರಡೂವರೆ ಲಕ್ಷ ಅಂದುಕೊಳ್ಳಿ. ಬರುವುದು 30 ಸಾವಿರ. ಅದಕ್ಕೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ.

ಹೊಗಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದರೆ ಅಲ್ಲೇ ಇಸಿಜಿ, ಅದನ್ನು ಜಯದೇವದಂಥ ಕೇಂದ್ರದ ಹೃದ್ರೋಗ ತಜ್ಞರು ಕೂತಲ್ಲೇ ನೋಡಿ, ಹೃದಯಾಘಾತ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ, ಉಚಿತ. ರಕ್ತನಾಳ ತೆರೆದುಕೊಳ್ಳುವುದು ಮೊದಲ ಕೆಲವು ಗಂಟೆಯ ಆಟ, ತಡವಾದಷ್ಟೂ ಸ್ನಾಯು ಸಾಯುತ್ತೆ. ಎಡವಟ್ಟಾಗುವುದು ಎಲ್ಲಿ ಅಂದರೆ, ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ರಾತ್ರಿ ಕಳೆಯುತ್ತಾರೆ. ಚುಚ್ಚುಮದ್ದು ಕೊಟ್ಟ ಮೇಲೆ ಆಂಜಿಯೋಗ್ರಾಂಗೆ ದೊಡ್ಡ ಕೇಂದ್ರಕ್ಕೆ ಹೋಗಲೇಬೇಕು. ‘ನೋವು ಹೋಯ್ತು’ ಅಂತ ಮನೆಗೆ ಹೊರಟರೆ ಕೆಟ್ಟರು.

ಗೇರುಬಾಕ್ಸ್
ಇಎಸ್‌ಐ ಅಂದರೆ ಕಾರ್ಮಿಕರ ವಿಮೆ ಮರೆತುಬಿಟ್ರಲ್ಲ. ಗಾರ್ಮೆಂಟ್ಸ್, ವರ್ಕ್‌ಶಾಪ್ ಜನಕ್ಕೆ ಅದೇ ಆಸರೆ. ಸಂಬಳ 21,000ದೊಳಗೆ, ವಂತಿಗೆ ಕೆಲಸಗಾರರದ್ದು ಶೇ 0.75, ಮಾಲೀಕರದ್ದು 3.25. ಮಧ್ಯದಲ್ಲಿ ಸಂಬಳ 21 ಸಾವಿರ ದಾಟಿದರೆ ಕೂಡಲೇ ಹೋಗಲ್ಲ, ಆ ಆರು ತಿಂಗಳ ವಂತಿಗೆ ಅವಧಿ ಮುಗಿಯೋವರೆಗೆ ಇರುತ್ತೆ. ಇದು ಗೊತ್ತಿಲ್ಲದೆ ಕಡಿತ ನಿಲ್ಲಿಸೋ ಲೆಕ್ಕಿಗರೂ ಇದ್ದಾರೆ.

ಮಲೆನಾಡಮಳೆ
ಎಲ್ಲಾ ತಪ್ಪೂ ರಾಜ್ಯದ ತಲೆಗೇ ಕಟ್ಟಬೇಡಿ. ಕೇಂದ್ರದ ತೆರಿಗೆಯನ್ನ ರಾಜ್ಯಗಳಿಗೆ ಹಂಚೋ ಸೂತ್ರ ಕೊಡೋದು ಹಣಕಾಸು ಆಯೋಗ. 14ನೆಯದರಲ್ಲಿ ನಮ್ಮ ಪಾಲು ಶೇ 4.713, 15ನೆಯದರಲ್ಲಿ 3.647. 15ನೆಯದು ಶಿಫಾರಸು ಮಾಡಿದ್ದ 5,495 ಕೋಟಿ ವಿಶೇಷ ಅನುದಾನವೂ ಬರಲಿಲ್ಲ. 2024ರ ಫೆಬ್ರುವರಿ 7ಕ್ಕೆ ಜಂತರ್ ಮಂತರ್‌ನಲ್ಲಿ ಮುಖ್ಯಮಂತ್ರಿಗಳು ಪ್ರತಿಭಟನೆಗೆ ಹೋಗಿ ಕೂತದ್ದು ಸುಮ್ಮನೆ ಅಲ್ಲ.

ತಕ್ಕಡಿ
ಅದು ನಿಜವಾದ ಅಹವಾಲು. ಕಾರಣವನ್ನೂ ಹೇಳೋಣ. 15ನೇ ಆಯೋಗದ ಸೂತ್ರದಲ್ಲಿ ಶೇ 45 ತೂಕ ತಲಾ ಆದಾಯದ ಅಂತರಕ್ಕೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನ ಎತ್ತಿಬಿಡುತ್ತೆ. ಕಾಗದದ ಮೇಲೆ ಕಲಬುರಗಿಯೂ ಶ್ರೀಮಂತ. ಪೆಟ್ಟು ಬೀಳೋದು ಕಲಬುರಗಿಗೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತ್ತು. ಆದರೆ ದೆಹಲಿಗೆ ಹೇಳೋ ಈ ವಾದವನ್ನೇ ರಾಜ್ಯದೊಳಗೆ ಬೆಂಗಳೂರು, ಕಲಬುರಗಿ ಮಧ್ಯೆ ಹಂಚೋವಾಗ ಮರೀಬಾರದು.

ಜೋಳದರೊಟ್ಟಿ
ತಕ್ಕಡಿ ಸರ, ಇದೊಂದ್ ಮಾತು ಬಂಗಾರದಂಥಾದ್ದು.

ಎಲೆಅಡಿಕೆ
ಸಾಲದ ಮಾತು ಯಾರೂ ಎತ್ತಲಿಲ್ಲ. ಮಿತಿಯೊಳಗೇ ಇದ್ದೇವೆ ಅಂತ ಮುಖ್ಯಮಂತ್ರಿಗಳು ಪ್ರತಿ ಸಲ ಹೇಳುತ್ತಾರಲ್ಲ?

ಲೆಕ್ಕಪತ್ರ
ಹೇಳುವುದು ಸರಿ. ಎಷ್ಟು ಒಳಗೆ ಅನ್ನುವುದೇ ವಿಷಯ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ವಿತ್ತೀಯ ಕೊರತೆ, ಅಂದರೆ ಸಾಲದಿಂದ ತುಂಬುವ ಭಾಗ, ರಾಜ್ಯದ ಒಟ್ಟು ಉತ್ಪನ್ನವಾದ ಜಿಎಸ್‌ಡಿಪಿಯ ಶೇ 3 ದಾಟಬಾರದು. 2025-26ರ ಅಂದಾಜು 90,428 ಕೋಟಿ, ಶೇ 2.95. ಒಟ್ಟು ಸಾಲದ ಹೊಣೆ ಶೇ 25ರೊಳಗೆ ಇರಬೇಕು, ಅಂದಾಜು 7,64,655 ಕೋಟಿ, ಶೇ 24.91. ಉಳಿದಿರುವ 0.09 ಅಂದರೆ ಮೂರು ಸಾವಿರ ಕೋಟಿಯೂ ಇಲ್ಲ. ಲೋಟ ತುಳುಕಿಲ್ಲ ನಿಜ, ಅಂಚಿಗೆ ಬಂದಿದೆ. 7ನೇ ವೇತನ ಆಯೋಗದ ಹೆಚ್ಚುವರಿ ಹೊರೆಯೇ ವರ್ಷಕ್ಕೆ 20,208 ಕೋಟಿ. ಎಲ್ಲವನ್ನೂ ಗ್ಯಾರಂಟಿ ಮೇಲೆ ಹೊರಿಸುವವರು ಈ ಅಂಕಿಯನ್ನು ಬೇಕಂತಲೇ ಬಿಡುತ್ತಾರೆ.

ಸಂಬಾರಬಟ್ಟಲು
ಮಧ್ಯೆ ಬಂದೆ, ಕ್ಷಮಿಸಿ. ಗೃಹಲಕ್ಷ್ಮಿ ‘ಮಂಜೂರು’ ಅಂತ ತೋರಿಸಿಯೂ ದುಡ್ಡು ಬರದಿದ್ದರೆ ಎಲ್ಲಿ ಕೇಳಬೇಕು?

ಬೆಂಚುಗಲ್ಲು
ಮೊದಲು ಬ್ಯಾಂಕಿಗೆ. ಖಾತೆಗೆ ಆಧಾರ್ ‘ಲಿಂಕ್’ ಆಗಿದ್ದರೆ ಸಾಲದು, ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಎರಡೂ ಬೇರೆ ಬೇರೆ. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೆ ಹೋಗುತ್ತೆ, ಅದನ್ನೂ ಒಮ್ಮೆ ನೋಡಿ. ಬ್ಯಾಂಕಿನದ್ದು ಸರಿಯಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ. ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ತೀರಿಹೋದ ಅತ್ತೆಯ ಹೆಸರೇ ಇದ್ದರೆ ಮೊದಲು ಆಹಾರ ಇಲಾಖೆಯಲ್ಲಿ ಬದಲಿಸಿ, ಆಮೇಲೆ ಹೊಸ ಅರ್ಜಿ. ಗಂಡನ ಹೆಸರಲ್ಲಿ ಜಿಎಸ್‌ಟಿ ರಿಟರ್ನ್ ಸಲ್ಲಿಕೆ ಇದ್ದರೆ ಅರ್ಹತೆಯೇ ಇಲ್ಲ.

ಸಂಬಾರಬಟ್ಟಲು
ಮ್ಯಾಪಿಂಗ್ ಹಳೇ ಖಾತೆಗೆ ಇರಬೇಕು ಅನ್ಸುತ್ತೆ. ಥ್ಯಾಂಕ್ಸ್ ಸರ್.

ಎಲೆಅಡಿಕೆ
ಮತ್ತೆ ಖಾಲಿ ಹುದ್ದೆಗೆ ಬರುತ್ತೇನೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಖಾಲಿ ಅಂತ ತಿಳಿಯೋದು ಹೇಗೆ? ಸಚಿವರು ಒಂದು ಹೇಳುತ್ತಾರೆ, ವಿರೋಧ ಪಕ್ಷ ಇನ್ನೊಂದು.

ಫೈಲುನಂಬರ್
ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ‘ಯಾಕೆ ತುಂಬಿಲ್ಲ’ ಅಂತ ಕೇಳಬೇಡಿ, ಕಾರಣ ಕೇಳೋದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸ್ತಾರೆ. ದಾಖಲೆ ಕೇಳಿ: ಇಂಥ ದಿನಾಂಕಕ್ಕೆ ವೃಂದವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಪಟ್ಟಿ, ಭರ್ತಿಗೆ ಆರ್ಥಿಕ ಇಲಾಖೆಗೆ ಕಳಿಸಿದ ಪ್ರಸ್ತಾವದ ದಿನಾಂಕ, ಬಂದ ಉತ್ತರದ ಪ್ರತಿ. ಆ ಕೊನೆಯ ಪ್ರತಿ ಕೈಗೆ ಸಿಕ್ಕರೆ ನನ್ನ ಮತ್ತು ಲೆಕ್ಕಪತ್ರ ಅವರ ಜಗಳವೂ ಬಗೆಹರಿಯುತ್ತೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಲೆಕ್ಕಪತ್ರ ಅವರ ಕೈಲಿ ಬರೆಸಬೇಡಿ.

ಲೆಕ್ಕಪತ್ರ
149ರಲ್ಲಿ ಮುಗಿಸುತ್ತೇನೆ, ತಾಲ್ಲೂಕಿನ ಹೆಸರು ಕಳಿಸಿ ಎಲೆಅಡಿಕೆ.